ಮೂವತ್ತೇಳು ಕಡ್ಡಿಯ ಗಾಡಿ

ನೀರು ಸರಬರಾಜು ಕಚೇರಿಯ ಉಗ್ರಾಣದ ಗುಮಾಸ್ತರನ್ನು ಬೀದಿಯವರೆಲ್ಲ ಮೂರುಪ್ರತಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಒಂದು ಬಕೆಟ್ಟು ಬೇಕೆಂದರೂ ಅವರು ಮೂರು ಪ್ರತಿಯಲ್ಲಿ ಅರ್ಜಿ ಕೇಳುತ್ತಿದ್ದರು. ಒಮ್ಮೆ ಒಬ್ಬ ಪ್ಲಂಬರ್ ಮುರಿದ ನಲ್ಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದು, "ಸಾರ್, ಇಂಥದ್ದೇ ಒಂದು ಕೊಡಿ" ಅಂದ. ಮೂರುಪ್ರತಿಯವರು ಆ ನಲ್ಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನಲ್ಲಿ ತರಬೇಡಿ ಕಣ್ರೀ, ನಲ್ಲಿಯ ವಿವರ ತನ್ನಿ" ಅಂದರು.

ಮನೆಯಲ್ಲೂ ಅದೇ ಕಾನೂನು. ಮುಂದಿನ ಕೋಣೆಯಲ್ಲಿದ್ದ ಹೆಂಡತಿಯ ತವರಿನ ಕಬ್ಬಿಣದ ಟ್ರಂಕೇ ಅವರ ಮನೆ ಕಚೇರಿ. ಗ್ಯಾಸ್ ಒಲೆಯ ಕಡತ, ಸೊಳ್ಳೆ ಪರದೆಯ ಕಡತ, ಎಲ್ಲವೂ ಅವಳ ಬಟ್ಟೆಗಳ ಮೇಲೆ ಮಲಗಿರುತ್ತಿದ್ದವು. ಆ ಟ್ರಂಕಿಗೆ ಬೀಗವಿರಲಿಲ್ಲ. ಮೂರು ಕೊಂಡಿಗಳಿಗೆ ಮೂರು ಸರಳು ಸಿಕ್ಕಿಸಿದ್ದರು, ಅಷ್ಟೆ. ದಿನಾ ಸಂಜೆ ಅವನ್ನು ಎಳೆದು, ಸಾಲಾಗಿ ನೆಲದ ಮೇಲಿಟ್ಟು, "ಒಂದು, ಎರಡು, ಮೂರು" ಎಂದು ಎಣಿಸಿ, ಕಡತ ಒಳಗಿಟ್ಟು, ಸರಳುಗಳಿಗೆ ತೊಟ್ಟು ಎಣ್ಣೆ ಹಚ್ಚಿ ವಾಪಸ್ಸು ಸಿಕ್ಕಿಸುವುದು ಅವರ ನಿತ್ಯವ್ರತ. ಹೆಂಡತಿಗೆ ಕರವಸ್ತ್ರ ಬೇಕಾದರೂ ಸಂಜೆ ಕಚೇರಿ ತೆರೆಯುವ ತನಕ ಕಾಯಬೇಕಿತ್ತು.

ಇಂಥ ಮಹಾನುಭಾವರ ಕೈಗೆ ಹಳೇ ಕಾಲದ ಮೋಟರ್ ಸೈಕಲ್ಲೊಂದು ಬಂದಿತ್ತು. ಅದು ಮಾವನವರ ಗಾಡಿ. ನಲವತ್ತು ವರ್ಷ ಅದನ್ನು ಓಡಿಸಿ, ಹೋದ ವರ್ಷ ಮಂಡಿ ನೋವು ಜಾಸ್ತಿಯಾದ ಮೇಲೆ ಮಾವನವರು ಅದನ್ನು ಮಗನಿಗೆ ಕೊಡದೆ ಅಳಿಯನಿಗೆ ಕೊಟ್ಟುಬಿಟ್ಟರು. ಬಾಮೈದನಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಅವನು ಆ ಗಾಡಿಗೆ ಕಿತ್ತಳೆ ಬಣ್ಣ ಹೊಡೆಸಿ, ಕಡ್ಡಿಯೇ ಇಲ್ಲದ ಹೊಸ ಚಕ್ರ ಹಾಕಿಸಿ, ಬೀದಿ ನಾಯಿಗಳೆಲ್ಲ ಊರು ಬಿಡುವಂಥ ಸೈಲೆನ್ಸರ್ ಕೂರಿಸಬೇಕೆಂದು ಕನಸು ಕಂಡಿದ್ದ. ಮೂರುಪ್ರತಿಯವರಿಗೋ, ಆ ಗಾಡಿ ಮೇಲೆ ಕೂತಾಗ ಮಾತ್ರ ತಾವು ಉಗ್ರಾಣದ ಗುಮಾಸ್ತ ಅನ್ನುವುದು ಮರೆತುಹೋಗುತ್ತಿತ್ತು. ಪ್ರಾಣಕ್ಕಿಂತ ಒಂದು ಕೂದಲು ಕಡಿಮೆ ಪ್ರೀತಿ ಅದರ ಮೇಲೆ.

ಅವಘಡ ಆದದ್ದು ಕಚೇರಿಯ ಗೇಟಿನಲ್ಲಿ. ಸಾಹೇಬರು ಎದುರಿಗೆ ನಿಂತಿದ್ದರು. ಒಂದು ಕೈ ಬಿಟ್ಟು ಸಲಾಮು ಹೊಡೆಯುವ ಚಪಲ ಯಾಕೆ ಬಂತೋ! ಫುಟ್‌ಪಾತಿನ ಕಲ್ಲು ಎದುರಾಯಿತು. ಮುಂದಿನ ಚಕ್ರ ಹೇಗೋ ತಪ್ಪಿಸಿಕೊಂಡಿತು, ಹಿಂದಿನದಕ್ಕೆ ಅಷ್ಟು ಜಾಣತನ ಇರಲಿಲ್ಲ. ರಿಮ್ಮು ಬಾಗಿ, ಗಾಡಿ ಸೊಂಟ ಉಳುಕಿದವರ ಹಾಗೆ ಕುಣಿಯುತ್ತ ಮನೆ ಸೇರಿತು.

ಎರಡು ದಿನಕ್ಕೆ ಮಾವನವರ ಫೋನು.

"ಅಳಿಯಂದ್ರೇ, ನೀವು ಗಾಡೀನ ಮೂಲೆಗೆ ಹಾಕಿದ್ದೀರಂತೆ, ನಮ್ಮ ಚಿಕ್ಕವನು ಹೇಳ್ತಿದ್ದ."

"ಛೆ ಛೆ! ಎಲ್ಲಾದ್ರೂ ಉಂಟಾ ಮಾವ?"

"ಹಾಗಿದ್ರೆ ಸರಿ. ಇನ್ನೆರಡು ಭಾನುವಾರ ಬಿಟ್ಟು ಬರ್ತೀನಿ. ನಿಮ್ಮ ಹಿಂದೆ ಕೂತ್ಕೊಂಡು ಒಂದು ಸುತ್ತು ಹೋಗಬೇಕು. ಗಾಡಿ ಓಡಲಿಲ್ವೋ, ಬೇಜಾರು ಮಾಡ್ಕೋಬೇಡಿ, ಚಿಕ್ಕವನು ಅವತ್ತೇ ತಗೊಂಡು ಹೋಗ್ತಾನೆ."

ಚಕ್ರ ಬಾಗಿದೆ ಎಂದು ಆಗಲೇ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳಿದರೆ ಸಲಾಮಿನ ವಿಷಯವನ್ನೂ ಹೇಳಬೇಕಲ್ಲ! ಮೂರುಪ್ರತಿಯವರು ಫೋನಿಟ್ಟು, ಹೊಸ ಕಡತ ತೆರೆದು, ಮೇಲೆ ಗುಂಡಗೆ ಬರೆದರು: 'ಹಿಂದಿನ ಚಕ್ರದ ರಿಮ್ಮು ಹಾಗೂ ಕಡ್ಡಿಗಳ ಆಯ್ಕೆ.' ಆಮೇಲೆ ವಿವರ ತುಂಬಲು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ಎಣಿಸಿದರು. ಮೂವತ್ತೇಳು. ಮತ್ತೆ ಎಣಿಸಿದರು. ಮೂವತ್ತೇಳು. ಮುರಿದದ್ದು ಒಂದೂ ಇಲ್ಲ. ಎಲ್ಲವೂ ತುಕ್ಕು ಹಿಡಿದಿದ್ದವು, ಎಲ್ಲದರ ಮೇಲೂ ಬಣ್ಣ. ಮಾವನವರು ಮನೆಗೆ ಬಣ್ಣ ಹೊಡೆಸಿದಾಗೆಲ್ಲ ಉಳಿದ ಬಣ್ಣವನ್ನು ಚಕ್ರಕ್ಕೆ ಬಳಿಯುತ್ತಿದ್ದರು. ಕೆರೆದರೆ ಮಾವನ ಮನೆಯ ಗೋಡೆಗಳ ಚರಿತ್ರೆಯೇ ಸಿಗುತ್ತಿತ್ತು.

ಪದ್ಧತಿ ಪ್ರಕಾರ ಮೂರು ಕಡೆ ವಿಚಾರಿಸಬೇಕು. ಮೊದಲನೆಯದು ಪೇಟೆಯ ದೊಡ್ಡ ಅಂಗಡಿ. ಅಲ್ಲಿನ ಎಲ್ಲ ಸಾಮಾನೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದುದರಿಂದ ಮಾಲೀಕನಿಗೆ ಫಳಫಳ ಎಂದು ಹೆಸರು.

"ಸ್ಟೀಲಾ ಸಾರ್, ಅಲ್ಯೂಮಿನಿಯಮ್ಮಾ? ಸ್ಟೀಲಾದ್ರೆ ಗಟ್ಟಿ, ಅಲ್ಯೂಮಿನಿಯಮ್ಮಾದ್ರೆ ಹಗುರ. ಕಡ್ಡಿ ತುಕ್ಕು ಹಿಡೀದೇ ಇರೋದು ಕೊಡ್ತೀನಿ. ತೂತು ಎಷ್ಟು, ಮೂವತ್ತಾರಾ ನಲವತ್ತಾ?"

"ಮೂವತ್ತೇಳು."

ಫಳಫಳನ ನಗು ಅರ್ಧಕ್ಕೆ ನಿಂತಿತು. "ಸಾರ್, ಅಂಥದ್ದು ಬರಲ್ಲ."

"ನಿಮ್ಮ ಅಂಗಡಿಗೆ ಬಂದಿಲ್ಲ ಅನ್ನಿ" ಎಂದು ಮೂರುಪ್ರತಿಯವರು ಕಡತದಲ್ಲಿ 'ಲಭ್ಯವಿಲ್ಲ' ಎಂದು ಬರೆದುಕೊಂಡರು. ಎರಡನೆಯ ಕಡೆ, ಗುಜರಿ ಅಂಗಡಿಯವನು, "ಮೂವತ್ತೇಳಾ? ಹೋಗ್ಲಿ, ಒಂದು ಕಮ್ಮಿ ಮಾಡ್ಕೊಳ್ಳಿ" ಎಂದು ಚೌಕಾಸಿಗೆ ಇಳಿದ. ಕಡತದಲ್ಲಿ ಅವನ ಹೆಸರಿನ ಮುಂದೆ 'ಅನರ್ಹ' ಎಂದು ಬಿತ್ತು.

ಮೂರನೆಯವನು ಬೆಂಡಜ್ಜ. ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡು. ಗೋಡೆ ತುಂಬ ರಿಮ್ಮುಗಳು. ಐವತ್ತು ವರ್ಷದಿಂದ ಚಕ್ರದ ಬೆಂಡು ತೆಗೆದೂ ತೆಗೆದೂ ಅಜ್ಜನ ಸ್ವಂತ ಬೆನ್ನು ಬೆಂಡಾಗಿತ್ತು. ಚಕ್ರ ತಿರುಗಿಸಿ, ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟಿ, ದನಿ ಕೇಳಿಯೇ ಯಾವುದು ಸಡಿಲ ಎಂದು ಹೇಳುವ ಮನುಷ್ಯ. ಮೂರುಪ್ರತಿಯವರು ಕೊಟ್ಟ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಚಕ್ರದ ಕಡ್ಡಿ ಯಾವತ್ತೂ ಗಂಡ ಹೆಂಡ್ತಿ ಹಾಗೆ ಯಜಮಾನ್ರೇ, ಜೋಡಿ ಜೋಡಿ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಮೂವತ್ತೇಳು ಅಂದ್ರೆ ಒಬ್ಬ ವಿಧುರ ಉಳ್ಕೊಂಡ. ಚಕ್ರ ತನ್ನಿ, ನೋಡೋಣ."

"ವಿವರ ಕೊಟ್ಟಿದ್ದೀನಲ್ಲ. ಉದ್ದ, ದಪ್ಪ, ಸಂಖ್ಯೆ, ಎಲ್ಲಾ ಇದೆ."

"ಕಾಗದಕ್ಕೆ ಬೆಂಡು ತೆಗೆಯೋಕೆ ನಂಗೆ ಬರಲ್ಲ" ಎಂದು ಅಜ್ಜ ಅದನ್ನು ಮಡಚಿ ವಾಪಸ್ಸು ಕೊಟ್ಟ.

ಮೂರುಪ್ರತಿಯವರಿಗೆ ಮೈ ಉರಿದುಹೋಯಿತು. ಮರುದಿನ ಕಚೇರಿಯಲ್ಲಿ ಚಹಾ ಹೊತ್ತಿಗೆ ಟೈಪಿಸ್ಟಮ್ಮ, "ಏನಾಯ್ತು ಸಾರ್, ಚಕ್ರ ಸಿಕ್ತಾ?" ಎಂದು ಕೇಳಿದ್ದೇ ತಡ, ಬಾಯಿ ಜಾರಿತು.

"ಎಲ್ಲಿ ಸಿಗುತ್ತೆ? ಊರಲ್ಲಿರೋದೆಲ್ಲ ಮೂವತ್ತಾರು, ನಲವತ್ತರ ಗಾಡಿಗಳು. ನಮ್ಮದು ಮೂವತ್ತೇಳು. ಇಂಥದ್ದು ಇನ್ನೊಂದಿದ್ಯೋ ಇಲ್ವೋ!"

ಟೈಪಿಸ್ಟಮ್ಮನ ಕಿವಿಗೆ ಬಿದ್ದ ಮಾತಿಗೆ ಕಾರ್ಬನ್ ಕಾಗದ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಹೇಬರಿಗೆ ಗೊತ್ತಾಯಿತು, ಸಂಜೆಗೆ ಬೀದಿಗೆ ಗೊತ್ತಾಯಿತು. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಂದರು. ಒಂದೊಂದು ಕಡ್ಡಿಗೂ ಗುರುತು ಹಾಕುತ್ತ ಮೂರು ಸಲ ಎಣಿಸಿ ಎದ್ದು ನಿಂತರು.

"ಮೂವತ್ತೇಳು! ಅವಿಭಾಜ್ಯ ಸಂಖ್ಯೆ ಕಣ್ರೀ! ಯಾವುದರಿಂದಲೂ ಭಾಗ ಹೋಗಲ್ಲ. ನಿಮ್ಮ ಬಾಮೈದ ತಲೆಕೆಳಗಾಗಿ ನಿಂತ್ರೂ ಈ ಗಾಡೀಲಿ ಅವನಿಗೆ ಭಾಗ ಸಿಗಲ್ಲ."

ಈ ಮಾತು ಮೂರುಪ್ರತಿಯವರಿಗೆ ಎಷ್ಟು ಹಿತವಾಯಿತೆಂದರೆ ಮೇಷ್ಟ್ರಿಗೆ ಎರಡನೇ ಸಲ ಕಾಫಿ ಕೊಡಿಸಿದರು.

ಮೂರನೇ ದಿನ ಹಳೇ ಗಾಡಿಗಳ ಸಂಘದ ಅಧ್ಯಕ್ಷರೇ ಬಂದರು. ಹ್ಯಾಂಡಲ್ ಬಾರಿನಷ್ಟು ಅಗಲದ ಮೀಸೆ. ತನಗೆ ಗೊತ್ತಿಲ್ಲದ ಹಳೇ ಗಾಡಿ ಭೂಮಿಯ ಮೇಲಿಲ್ಲ ಎಂದು ಹೇಳಿಕೊಂಡು ಅಧ್ಯಕ್ಷರಾದವರು. ಅಂಥವರು 'ಮೂವತ್ತೇಳು ಕಡ್ಡಿ ಕೇಳಿಲ್ಲ' ಅನ್ನುವುದಾದರೂ ಹೇಗೆ?

"ಹೂಂ. ಬಹಳ ಅಪರೂಪದ ಮಾದರಿ" ಎಂದರು, ಮೀಸೆ ತಿರುವುತ್ತ. "ನೋಡಿ, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ, ಕಡ್ಡಿ ಕಡ್ಡಿ ನಡುವೆ ಜಾಗ ಬಿಟ್ಟಿದ್ದಾರೆ. ಯಾಕೆ ಹೇಳಿ? ಗಾಳಿ ಆಡೋಕೆ! ಆ ಕಾಲದ ಎಂಜಿನಿಯರುಗಳ ತಲೆ ಅಂದ್ರೆ ತಲೆ."

ಮೇಷ್ಟ್ರು ಬಗ್ಗಿ ನೋಡಿ, "ಹೌದಲ್ಲ! ಮೂರು ಕಡೆ ಗಾಳಿ!" ಎಂದು ಬೆರಗಾದರು. ಮೂರುಪ್ರತಿಯವರು ಕಡತದಲ್ಲಿ 'ವಾಯು ಸಂಚಾರಕ್ಕೆ ಮೂರು ಅವಕಾಶ' ಎಂದು ಬರೆದುಕೊಂಡರು. ಮಾವನವರು ಬರುವ ಭಾನುವಾರವೇ ಇಡೀ ಸಂಘವನ್ನು ಕರೆದುಕೊಂಡು ಬರುವುದಾಗಿ ಅಧ್ಯಕ್ಷರು ಹೇಳಿ ಹೋದರು. ಸಾಹೇಬರೂ ಬರುತ್ತೇನೆಂದು ಹೇಳಿ ಕಳಿಸಿದರು.

ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು: "ರೀ, ಆ ಅಜ್ಜನ ಹತ್ರ ಚಕ್ರಾನೇ ಬಿಚ್ಚಿ ತಗೊಂಡ್ಹೋಗಬಾರ್ದಾ?"

"ನಿಂಗೆ ಪದ್ಧತಿ ಗೊತ್ತಾಗಲ್ಲ, ಸುಮ್ನಿರೆ."

"ಪದ್ಧತಿ ಮೇಲೆ ಅಪ್ಪನ್ನ ಕೂರಿಸಿಕೊಂಡು ಸುತ್ತು ಹೊಡೀರಿ ಹಾಗಿದ್ರೆ" ಎಂದು ಅವಳು ಒಳಗೆ ಹೋದಳು.

ಗಾಡಿಯ ಹೆಸರು ಊರೆಲ್ಲ ಹಬ್ಬಿದ ಮೇಲೆ ಫಳಫಳನಿಗೂ ಜ್ಞಾನೋದಯವಾಯಿತು. ಮನೆಗೇ ಓಡಿ ಬಂದ. "ಸಾರ್, ನಿಮಗೋಸ್ಕರ ಸ್ಪೆಷಲ್ ಮಾಡಿಸ್ತೀನಿ. ತೂತು ಕೊರೆಯದ ರಿಮ್ಮು ತರಿಸಿ, ಲೆಕ್ಕ ಹಾಕಿ ಮೂವತ್ತೇಳು ಕೊರೆಸ್ತೀನಿ. ಕಡ್ಡೀನೂ ನಿಮ್ಮ ಅಳತೆಗೇ, ಮೂವತ್ತೇಳು." ಮೂರುಪ್ರತಿಯವರು ಆದೇಶವನ್ನು ಮೂರು ಪ್ರತಿಯಲ್ಲಿ ಬರೆದು ಕೊಟ್ಟರು. ಒಂದು ಕಡ್ಡಿ ಹೆಚ್ಚಿಗೆ ಇರಲಿ ಎಂದು ಫಳಫಳ ಗೋಗರೆದರೂ, ಹೆಚ್ಚುವರಿ ಸಾಮಗ್ರಿ ನಿಯಮಕ್ಕೆ ವಿರುದ್ಧ ಎಂದು ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ರಿಮ್ಮು ಬಂತು. ಬೀದಿಯವರೆಲ್ಲ ಮುಖ ನೋಡಿಕೊಳ್ಳುವಷ್ಟು ಹೊಳಪು. ಮೂರುಪ್ರತಿಯವರು ಅಂಗಳದಲ್ಲಿ ಹಳೇ ಚಕ್ರ ಮಲಗಿಸಿ, ಕಟರ್ ಹಿಡಿದು, ತುಕ್ಕಿಗೆ ಕಚ್ಚಿಕೊಂಡಿದ್ದ ಕಡ್ಡಿಗಳನ್ನು ಒಂದೊಂದಾಗಿ ಕತ್ತರಿಸಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸಿದರು. "ಮೂವತ್ತೈದು! ಮೂವತ್ತಾರು! ಮೂವತ್ತೇಳು!" ಜನ ಚಪ್ಪಾಳೆ ತಟ್ಟಿದರು. ಕತ್ತರಿಸಿದ ಚೂರುಗಳನ್ನು ಗುಜರಿಯವನು ಒಯ್ದ.

ಕಡ್ಡಿ ಕಟ್ಟಲು ಮಾತ್ರ ಊರಿಗೆಲ್ಲ ಬೆಂಡಜ್ಜನೊಬ್ಬನೇ. ಹೊಸದು ಕೊಡುವಾಗ ಹಳೆಯದನ್ನೂ ಹಾಜರುಪಡಿಸಬೇಕೆಂಬುದು ಉಗ್ರಾಣದ ನಿಯಮ. ಹಾಗಾಗಿ ಮೂರುಪ್ರತಿಯವರು ಹೊಸ ರಿಮ್ಮು, ಕಡ್ಡಿಯ ಕಟ್ಟು, ನಡುವಿನ ಹಬ್, ಬಾಗಿದ ಹಳೇ ರಿಮ್ಮು, ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ಹೋದರು.

ಅಜ್ಜ ಹೊಸ ರಿಮ್ಮಿನ ಕಡೆ ನೋಡಲೇ ಇಲ್ಲ. ಹಬ್ ಎತ್ತಿಕೊಂಡು, ಹೆಬ್ಬೆರಳಲ್ಲಿ ಸವರುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದ. ಹಸಿರು ಬಣ್ಣ ಉದುರಿತು, ಅದರಡಿಯ ನೀಲಿ ಉದುರಿತು, ಅದರಡಿಯ ಸುಣ್ಣದ ಬಿಳಿ ಉದುರಿತು. ಅದರಡಿಯಲ್ಲಿ ತೂತು! ಇನ್ನೆರಡು ಕಡೆ ಕೆರೆದ. ಅಲ್ಲೂ ತೂತು. ಹಳೇ ರಿಮ್ಮು ಎತ್ತಿ ಕೆರೆದ. ಅಲ್ಲೂ ಮೂರು.

"ಯಜಮಾನ್ರೇ" ಎಂದ ಅಜ್ಜ, ಬಹಳ ಮೆತ್ತಗೆ. "ನೀವು ಕಡ್ಡಿ ಎಣಿಸಿದ್ರಿ. ತೂತು ಎಣಿಸಲಿಲ್ಲ."

"ಅಂದ್ರೆ?"

"ಅಂದ್ರೆ ಇದು ನಲವತ್ತರ ಚಕ್ರ. ಮೂರು ಕಡ್ಡಿ ಯಾರೋ ಯಾವ ಕಾಲದಲ್ಲೋ ಬಿಚ್ಚಿದ್ದಾರೆ."

ಮೂರುಪ್ರತಿಯವರು ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತರು. ವಾಯು ಸಂಚಾರಕ್ಕೆ ಮೂರು ಅವಕಾಶ! ಮಾನ ಮೂರುಕಾಸಿಗೆ ಹೋಯಿತು ಅನ್ನುವುದಕ್ಕಿಂತ ಹೆಚ್ಚಾಗಿ, ನಾಳೆ ಈ ಹೊತ್ತಿಗೆ ಗಾಡಿ ಬಾಮೈದನ ಪಾಲು ಅನ್ನುವುದು ಎದೆಗೆ ಬಂದು ಕೂತಿತು. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ನೋಡಿ ಅಜ್ಜನಿಗೂ ಒಂಥರಾ ಆಯಿತು.

"ಅಳಬೇಡಿ ಸ್ವಾಮಿ. ಹಳೇ ರಿಮ್ಮು ಒಳ್ಳೇ ಕಬ್ಬಿಣ, ಬೆಂಡು ತೆಗೀತೀನಿ. ನಿಮ್ಮ ಹೊಸ ಕಡ್ಡಿ ಅಳತೆ ಸರಿಯಾಗೇ ಇದೆ. ಆದ್ರೆ ಮೂರು ಕಮ್ಮಿ. ಈ ಅಳತೆಯ ಕಡ್ಡಿ ಈಗ ಯಾರೂ ಇಟ್ಕೊಂಡಿರಲ್ಲ. ಮಾಡಿಸಬೇಕಂದ್ರೆ ಇನ್ನೂ ನಾಲ್ಕು ದಿನ."

"ಮೂವತ್ತೇಳರಲ್ಲೇ ಓಡಲ್ವಾ? ಇಷ್ಟು ವರ್ಷ ಓಡಿದೆಯಲ್ಲ!"

"ಓಡಿತ್ತು. ಒಂದು ಕಲ್ಲು ಮುಟ್ಟಿದ್ದಕ್ಕೆ ಸೊಂಟ ಮುರ್ಕೊಂಡಿಲ್ವಾ? ಗೊತ್ತಿದ್ದೂ ಗೊತ್ತಿದ್ದೂ ಒಬ್ಬ ವಯಸ್ಸಾದವರನ್ನ ನಾನು ಅದರ ಮೇಲೆ ಕೂರಿಸಲ್ಲ. ನಾಳೆ ಬೆಳಿಗ್ಗೆ ಚಕ್ರ ನಾನೇ ತರ್ತೀನಿ. ಮೂರು ಕಡ್ಡಿ ನಿಮ್ಮ ಜವಾಬ್ದಾರಿ."

ಮೂರುಪ್ರತಿಯವರು ಮೂರು ಕಡ್ಡಿಗಾಗಿ ಊರೆಲ್ಲ ತಿರುಗಿದರು. ಗುಜರಿಯವನು ಬೆಳಗಿನ ಚೂರುಗಳನ್ನೇ ಮುಂದೆ ಸುರಿದು, "ಆರಿಸ್ಕೊಳ್ಳಿ, ಒಂದೊಂದೂ ಎರಡೆರಡು ಆಗಿದೆ, ಲಾಭ" ಅಂದ. ಸಂಜೆ ಮನೆಗೆ ಬಂದು, ಟ್ರಂಕಿನ ಸರಳು ಎಳೆದು, ಒಂದು, ಎರಡು, ಮೂರು ಎಂದು ನೆಲದ ಮೇಲಿಟ್ಟು, ಕಡತದಲ್ಲಿ 'ಕಡ್ಡಿ ಮೂರು, ಎಲ್ಲಿಯೂ ಸಿಗಲಿಲ್ಲ' ಎಂದು ಬರೆದರು. ಸರಳಿಗೆ ಎಣ್ಣೆ ಹಚ್ಚಿ, ಟ್ರಂಕು ಮುಚ್ಚಿ, ಅದರ ಮೇಲೆ ಕೂತು ನಿಟ್ಟುಸಿರು ಬಿಟ್ಟರು.

ಭಾನುವಾರ ಬೆಳಿಗ್ಗೆ ಬೀದಿ ತುಂಬ ಜನ. ಸಂಘದವರು ಹನ್ನೆರಡು ಹಳೇ ಗಾಡಿಗಳಲ್ಲಿ ಬಂದು ಹೊಗೆ ಎಬ್ಬಿಸಿದರು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಬೆಂಡಜ್ಜ ಚಕ್ರ ಹೊತ್ತು ತಂದು ಅಂಗಳದಲ್ಲಿ ಊರಿದ. ಬೆಂಡು ಪೂರ್ತಿ ಹೋಗಿತ್ತು, ಮೂರು ತೂತು ಬಾಯಿ ಬಿಟ್ಟುಕೊಂಡಿದ್ದವು. ಅಷ್ಟರಲ್ಲಿ ಬಾಮೈದ ಒಂದು ಟೆಂಪೋ ತಗೊಂಡೇ ಬಂದ. ಪಕ್ಕದ ಸೀಟಿನಲ್ಲಿ ಮಾವನವರು. ಬಾಮೈದನ ಹೆಗಲ ಮೇಲೆ ಆಗಲೇ ಹಗ್ಗ.

"ಭಾವ, ಗಾಡಿ ಎಲ್ಲಿ? ಎತ್ತಿ ಕಟ್ಟೋಣ್ವಾ?"

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮಹನೀಯರೇ, ಜಗತ್ತಿನಲ್ಲೇ ಅಪರೂಪವಾದ ಮೂವತ್ತೇಳು ಕಡ್ಡಿಯ..." ಎಂದು ಶುರುಮಾಡಿದರು.

"ಮೂವತ್ತೇಳೂ ಇಲ್ಲ, ಮಣ್ಣೂ ಇಲ್ಲ!" ಎಂದು ಮೂರುಪ್ರತಿಯವರು ಕೂಗಿಯೇಬಿಟ್ಟರು. "ಮಾವ, ನಾನೇ ಚಕ್ರ ಬಗ್ಗಿಸಿದ್ದು. ಸಲಾಮು ಹೊಡೆಯೋಕೆ ಹೋಗಿ. ಇದು ನಲವತ್ತರ ಚಕ್ರ. ಮೂರು ಕಡ್ಡಿ ಇರಲಿಲ್ಲ, ನಂಗೆ ಗೊತ್ತಾಗಲಿಲ್ಲ. ಊರಿಗೆಲ್ಲ ದೊಡ್ಡದಾಗಿ ಹೇಳ್ಕೊಂಡೆ. ಗಾಡಿ ಓಡಲ್ಲ. ತಗೊಂಡು ಹೋಗಿ. ಆದ್ರೆ... ಕಿತ್ತಳೆ ಬಣ್ಣ ಮಾತ್ರ ಹೊಡೆಸಬೇಡಿ ಅಂತ ಅವನಿಗೆ ಹೇಳಿ ಮಾವ."

ಮೇಷ್ಟ್ರು ಸೀಮೆಸುಣ್ಣವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಮಾವನವರು ಊರುಗೋಲು ಊರುತ್ತ ಬಂದು, ಚಕ್ರ ನೋಡಿ, ಖಾಲಿ ತೂತುಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಅಳಿಯಂದ್ರೇ, ಒಂದು ಮಾತು ನನ್ನ ಕೇಳಬಾರ್ದಿತ್ತಾ? ಮಗಳೇ, ನಿನ್ನ ಟ್ರಂಕ್ ಎಲ್ಲಮ್ಮ?"

"ಒಳಗಿದೆ ಅಪ್ಪ."

"ಕೊಂಡಿಗೆ ಏನು ಸಿಕ್ಕಿಸಿದ್ದೀಯ?"

"ನೀವೇ ಸಿಕ್ಕಿಸಿದ್ರಲ್ಲ, ಅದೇ ಸರಳು..." ಎಂದವಳು ಅರ್ಧಕ್ಕೆ ನಿಲ್ಲಿಸಿ ಗಂಡನ ಮುಖ ನೋಡಿದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯಿದೆ. ನಮ್ಮ ಮೂರುಪ್ರತಿಯವರು ಆ ಕೂಸಿಗೆ ಹದಿನೆಂಟು ವರ್ಷ ದಿನಾ ಎಣ್ಣೆಯನ್ನೂ ಹಚ್ಚಿದ್ದರು. ಅವರು ಒಳಗೆ ಓಡಿದ ರಭಸಕ್ಕೆ ಬಾಗಿಲ ಪರದೆ ಕಿತ್ತು ಬಂತು. ಮೂರು ಸರಳು ಹಿಡಿದು ಬಂದು ಅಜ್ಜನ ಕೈಗಿಟ್ಟರು. ಒಂದು ತುದಿ ಡೊಂಕು, ಇನ್ನೊಂದು ತುದಿಯಲ್ಲಿ ಸಣ್ಣ ನಟ್ಟು. ತುಕ್ಕಿನ ಸುಳಿವೇ ಇಲ್ಲ.

"ಇಷ್ಟು ಚೆನ್ನಾಗಿ ಸಾಕಿದ ಕಡ್ಡಿ ನನ್ನ ಜನ್ಮದಲ್ಲಿ ನೋಡಿಲ್ಲ" ಎಂದು ಅಜ್ಜ ಕೂತು ಪೋಣಿಸತೊಡಗಿದ.

ಮಾವನವರು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದರು: "ಮದುವೆಯಾಗಿ ಇವಳು ಹೊರಡೋ ದಿನ, ಟ್ರಂಕಿನ ಬೀಗ ಮೂರೂ ಕೆಟ್ಟು ಕೂತ್ಕೊಂಡ್ವು. ಅಂಗಡಿ ಎಲ್ಲ ಮುಚ್ಚಿತ್ತು. ಕೈಗೆ ಸಿಕ್ಕಿದ್ದು ಗಾಡಿ. ಮೂರು ಕಡ್ಡಿ ಬಿಚ್ಚಿ ಸಿಕ್ಕಿಸಿ ಕಳಿಸಿದೆ. ಆಮೇಲೆ ಬೇರೆ ಹಾಕಿಸಬಹುದಿತ್ತು, ಮನಸ್ಸಾಗಲಿಲ್ಲ. ಚಕ್ರ ತೊಳೆಯುವಾಗೆಲ್ಲ ಆ ಖಾಲಿ ಜಾಗ ಕಾಣ್ತಿತ್ತು. ಮಗಳ ಪೆಟ್ಟಿಗೆ ಭದ್ರವಾಗಿದೆ ಅಂದ್ಕೋತಿದ್ದೆ."

ಅವರ ಮಗಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಸಾಹೇಬರು ಯಾಕೋ ಕನ್ನಡಕ ತೆಗೆದು ಒರೆಸಿದರು. ಬಾಮೈದ ಹೆಗಲ ಮೇಲಿನ ಹಗ್ಗವನ್ನು ಎಲ್ಲಿಡುವುದೆಂದು ತಿಳಿಯದೆ ಮೇಷ್ಟ್ರ ಕೈಗೆ ಕೊಟ್ಟ.

ಅಜ್ಜ ನಲವತ್ತು ಕಡ್ಡಿಯನ್ನೂ ಮೀಟಿ, ತಲೆಯಾಡಿಸಿ, ಚಕ್ರ ಗಾಡಿಗೆ ಏರಿಸಿದ. ಮಾವನವರು ಅಳಿಯನ ಹೆಗಲು ಹಿಡಿದು ಹಿಂದೆ ಕೂತರು. ಗಾಡಿ ಒಂದೇ ಒದೆತಕ್ಕೆ ಎದ್ದಿತು. ಬೀದಿಯ ತುದಿಯಲ್ಲಿ ಮಾವನವರು ಕಿವಿಯ ಹತ್ತಿರ ಬಾಗಿ, "ಗಾಡಿ ನಿಮ್ಮದೇ ಇರಲಿ. ಎಣ್ಣೆ ಹಚ್ಚೋ ಕೈ ಅದು" ಅಂದರು. ಮೂರುಪ್ರತಿಯವರಿಗೆ ಮತ್ತೆ ಸಲಾಮು ಹೊಡೆಯುವ ಆಸೆಯಾಯಿತು. ಎರಡು ಕೈಯಲ್ಲೂ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡರು.

ಮೂವತ್ತೇಳು ತೂತಿನ ರಿಮ್ಮನ್ನು ಅಧ್ಯಕ್ಷರು ಬಿಡಲಿಲ್ಲ. ಇಡೀ ಜಗತ್ತಿನಲ್ಲಿ ಅಂಥದ್ದು ಒಂದೇ ಎಂಬ ಅವರ ಮಾತು ಈಗ ಸತ್ಯವೇ ಆಗಿತ್ತು. ಅದು ಸಂಘದ ಗೋಡೆಯ ಮೇಲೆ ಇಂದಿಗೂ ಹೊಳೆಯುತ್ತಿದೆ.

ಸೋಮವಾರ ಬೆಳಿಗ್ಗೆ ಬೀಗದ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದಿದ್ದ. ಎದುರಿಗೆ ಮೋಟರ್ ಸೈಕಲ್ ಬಂದು ನಿಂತಿತು. ಅದರ ಹಿಂದೆ, ಬಾಮೈದನ ಹಗ್ಗದಲ್ಲಿ ಬಿಗಿದ, ಬಟ್ಟೆಬರೆ ಕಡತಗಳ ಸಮೇತ ಒಂದು ಕಬ್ಬಿಣದ ಟ್ರಂಕು. ಮೂರುಪ್ರತಿಯವರು ಏದುಸಿರು ಬಿಡುತ್ತ ಅದನ್ನು ಇಳಿಸಿ ಗಲ್ಲಾದ ಮುಂದೆ ದಡಾರನೆ ಇಟ್ಟರು.

"ಅಯ್ಯೋ, ಇದನ್ಯಾಕೆ ಹೊತ್ಕೊಂಡ್ ಬಂದ್ರಿ ಸಾರ್? ಮೂರು ಬೀಗ ಬೇಕು ಅಂದಿದ್ರೆ ಸಾಕಿತ್ತಲ್ಲ!"

"ಮೂರೋ ಎಷ್ಟೋ, ನೀವೇ ನೋಡಿ ಎಣಿಸ್ಕೊಳ್ಳಿ" ಎಂದರು ಮೂರುಪ್ರತಿಯವರು, ಬೆವರು ಒರೆಸಿಕೊಳ್ಳುತ್ತ. "ನಾನು ಎಣಿಸೋದು ಬಿಟ್ಟಿದ್ದೀನಿ."